ಕಾರ್ಸೆಟ್ ಬ್ಲೌಸ್‌ಗೆ ಯಾವ ಬೋನ್? ಸ್ಟೀಲ್ ಬೇಕಾ, ರಿಜಿಲೀನ್ ಸಾಕಾ?

ಸೂಜಿದಾರ
ಎಲ್ಲರಿಗೂ ನಮಸ್ಕಾರ. ತಂಗಿಯ ಆರತಕ್ಷತೆಗೆ ತೋಳಿಲ್ಲದ, ಭುಜದ ಪಟ್ಟಿಯೂ ಇಲ್ಲದ ಕಾರ್ಸೆಟ್ ಬ್ಲೌಸ್ ಹೊಲಿಯುತ್ತಿದ್ದೇನೆ. ಅವಳು ಉಡುವುದು ಅಮ್ಮನ ರೇಷ್ಮೆ ಸೀರೆ. ಸೆರಗಿನ ತುಂಬ ಜರಿ, ತೂಕ ಜಾಸ್ತಿ. ಬಟ್ಟೆ ಮಡಿಚದೆ ನಿಲ್ಲಲು ಒಳಗೆ ಹಾಕುವ ಗಟ್ಟಿ ಪಟ್ಟಿಗೆ ಬೋನ್ ಅಂತಾರಲ್ಲ, ಅದಕ್ಕೆ 12 ಮಿ.ಮೀ. ಅಗಲದ ರಿಜಿಲೀನ್ ಎಂಬ ಪ್ಲಾಸ್ಟಿಕ್ ಪಟ್ಟಿ ತಂದು ಹತ್ತು ಕಡೆ ಹಾಕಿದೆ. ಅರ್ಧ ಗಂಟೆಯಲ್ಲೇ ಬ್ಲೌಸ್ ಕೆಳಗೆ ಜಾರಿತು. ಕಂಕುಳ ಹತ್ತಿರ ಬೋನ್ ತುದಿ ಚುಚ್ಚಿ ಚರ್ಮ ಕೆಂಪಾಯಿತು. ನಮ್ಮ ಏರಿಯಾದ ಟೈಲರ್ ಒಬ್ಬರು "ಪ್ಲಾಸ್ಟಿಕ್ ಹಾಕಿದ್ದೇ ತಪ್ಪು, ಸ್ಟೀಲ್ ಹಾಕಿ" ಅಂದರು. ನಿಜವಾ? ಇನ್ನು 12 ದಿನ ಇದೆ.

ಕಡಲೂರು ಗೌನ್
ನಾನು ಮಂಗಳೂರಿನಲ್ಲಿ ಚರ್ಚ್ ಮದುವೆಗಳಿಗೆ ಗೌನ್ ಹೊಲಿಯುತ್ತೇನೆ. ನನ್ನ ಮಟ್ಟಿಗೆ ಟೈಲರ್ ಹೇಳಿದ್ದು ಸರಿ. ಸ್ಟೀಲ್‌ನಲ್ಲಿ ಎರಡು ಥರ ಇದೆ. ಚಪ್ಪಟೆ ಪಟ್ಟಿ ಹಿಂದೆ ಮುಂದೆ ಮಾತ್ರ ಬಾಗುತ್ತದೆ. ತಂತಿ ಸುತ್ತಿ ಮಾಡಿದ ಸ್ಪೈರಲ್ ಪಕ್ಕಕ್ಕೂ ಬಾಗುತ್ತದೆ. ಪ್ರಿನ್ಸೆಸ್ ಕಟ್ ಹೊಲಿಗೆ ಎದೆಯ ಮೇಲೆ ತಿರುಗುತ್ತದಲ್ಲ, ಅಲ್ಲಿ ಸ್ಪೈರಲ್ ಬೇಕು. ಚಪ್ಪಟೆ ಪಟ್ಟಿ ಆ ತಿರುವಿನ ಜೊತೆ ಹೋಗುವುದಿಲ್ಲ, ಬಟ್ಟೆಯನ್ನು ದೂರ ತಳ್ಳುತ್ತದೆ.

ನಮ್ಮ ಕಡೆ ತೇವ ಜಾಸ್ತಿ. ಹಾಗಾಗಿ ಬಿಳಿ ಲೇಪ ಇರುವ ಸ್ಟೀಲನ್ನೇ ತಗೊಳ್ಳಿ. ಕತ್ತರಿಸಿದ ತುದಿ ಬೋಳಾಗಿರುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಅದಕ್ಕೆ ಲೋಹದ ಟೋಪಿ ಹಾಕಬೇಕು. ಒಂದು ಬಿಳಿ ಗೌನ್‌ನಲ್ಲಿ ಕಂದು ಚುಕ್ಕೆ ಬಂದಿದ್ದನ್ನು ನೋಡಿದ ಮೇಲೆ ನಾನು ಒಂದು ತುದಿಯನ್ನೂ ಹಾಗೇ ಬಿಟ್ಟಿಲ್ಲ.

ಹುಬ್ಬಳ್ಳಿ ಹೊಲಿಗೆ
ಕಡಲೂರು ಮೇಡಂ, ನಿಮ್ಮ ಗೌನ್ ನೆಲದವರೆಗೆ ಇರುತ್ತದೆ. ಇವರು ಕೇಳಿದ್ದು ಪಕ್ಕೆಯ ಕೆಳಗೆ ಮುಗಿಯುವ ಬ್ಲೌಸ್. ಅದಕ್ಕೆ ಸ್ಟೀಲ್ ಯಾಕ್ರೀ? ಇಲ್ಲಿ ಸೊಂಟ ಸಣ್ಣ ಮಾಡುವ ಕೆಲಸವೇ ಇಲ್ಲ. ಬಟ್ಟೆ ಮಡಿಚದೆ ನಿಂತರೆ ಸಾಕು. ನಾನು ರಿಜಿಲೀನ್‌ನಲ್ಲೇ ಹೊಲಿಯುತ್ತೇನೆ. ಅದರ ಮೇಲೆ ನೇರ ಮಷಿನ್ ಓಡಿಸಬಹುದು, ಬೋನ್ ತೂರಿಸಲು ಬೇರೆ ಬಟ್ಟೆಯ ಕೊಳವೆ ಹೊಲಿಯಬೇಕಿಲ್ಲ, ನೀರಿಗೂ ಹೆದರಬೇಕಿಲ್ಲ.

ಚುಚ್ಚಿದ್ದಕ್ಕೆ ಕಾರಣ ತುದಿ. ರಿಜಿಲೀನ್ ಅಂದರೆ ಸಣ್ಣ ಪಾಲಿಯೆಸ್ಟರ್ ಕಡ್ಡಿಗಳನ್ನು ಸೇರಿಸಿ ನೇಯ್ದ ಪಟ್ಟಿ. ಕತ್ತರಿಸಿದಾಗ ಒಂದೊಂದು ಕಡ್ಡಿಯೂ ಸೂಜಿ ಇದ್ದ ಹಾಗೆ. ಲೈಟರ್ ಬೆಂಕಿ ತೋರಿಸಿ ತುದಿ ಕರಗಿಸಿ, ಮೂಲೆ ದುಂಡಗೆ ಮಾಡಿ, ಆಮೇಲೆ ದಪ್ಪ ಬಟ್ಟೆಯ ಚೂರು ಸುತ್ತಿ ಹೊಲಿಯಿರಿ. ಇನ್ನೊಂದು ಮಾತು. ರೋಲ್‌ನಿಂದ ಬಂದ ಪಟ್ಟಿ ಸುರುಳಿಯಾಗಿರುತ್ತದೆ. ಬಟ್ಟೆ ಮುಚ್ಚಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ ನೇರ ಮಾಡಿಕೊಂಡು ಹಾಕಿ.

ಕಡಲೂರು ಗೌನ್
ತುದಿಯ ಮಾತು ಒಪ್ಪಿದೆ. ಆದರೆ ಜಾರಿದ್ದಕ್ಕೆ ಏನು ಹೇಳುತ್ತೀರಿ? ರಿಜಿಲೀನ್ ಮೈ ಬಿಸಿಗೆ ಬಾಗಿ, ಬಾಗಿದ ಹಾಗೇ ಉಳಿಯುತ್ತದೆ. ಎರಡು ಗಂಟೆ ಕೂತರೆ ಹೊಟ್ಟೆಯ ಹತ್ತಿರ ಮಡಿಕೆ ಗ್ಯಾರಂಟಿ.

ರಂಗದ ಪೆಟ್ಟಿಗೆ
ನಾನು ನಾಟಕಗಳಿಗೆ ಬಟ್ಟೆ ಹೊಲಿಯುವವನು. ಇಬ್ಬರೂ ಬೋನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಬ್ಲೌಸನ್ನು ಮೇಲೆ ಹಿಡಿಯುವುದು ಬೋನ್ ಅಲ್ಲ, ಬಟ್ಟೆ. ಬೋನ್ ಆ ಬಟ್ಟೆಯನ್ನು ಉದ್ದಕ್ಕೆ ಎಳೆದು ಹಿಡಿಯುತ್ತದೆ, ಅಷ್ಟೇ. ಬಟ್ಟೆ ಹಿಗ್ಗಿದರೆ ಸ್ಟೀಲ್ ಇದ್ದರೂ ಜಾರುತ್ತದೆ.

ಹದಿನೆಂಟನೇ ಶತಮಾನದ ಯುರೋಪಿನ ಒಳ ಅಂಗಿಗಳ ಮಾದರಿಯಲ್ಲಿ ಒಂದನ್ನು ಹೊಲಿಯುವಾಗ ಇದು ನನಗೆ ಕೈಯಿಂದಲೇ ಗೊತ್ತಾಯಿತು. ಅವರು ಹಾಕುತ್ತಿದ್ದದ್ದು 'ತಿಮಿಂಗಿಲದ ಮೂಳೆ'. ಹೆಸರು ಹಾಗಿದ್ದರೂ ಅದು ಮೂಳೆ ಅಲ್ಲ. ಕೆಲವು ತಿಮಿಂಗಿಲಗಳಿಗೆ ಹಲ್ಲಿನ ಬದಲು ಬಾಯಲ್ಲಿ ಜಾಲರಿ ಇರುತ್ತದಲ್ಲ, ಅದರ ತಟ್ಟೆಗಳು. ನಮ್ಮ ಉಗುರಿನಲ್ಲಿರುವ ಕೆರಾಟಿನ್ ಅದರಲ್ಲೂ ಇದೆ. ಬಿಸಿಗೆ ಸ್ವಲ್ಪ ಮೆತ್ತಗಾಗಿ ಮೈಗೆ ಹೊಂದಿಕೊಳ್ಳುತ್ತದೆ. ಕಿರಿದಾದ ಪಟ್ಟಿಗಳನ್ನು ಹತ್ತಿರ ಹತ್ತಿರ ಜೋಡಿಸುತ್ತಿದ್ದರು. ಆದರೆ ಅದರ ಕೆಳಗೆ ಪದರ ಪದರವಾಗಿ ಗಟ್ಟಿ ಲಿನನ್ ಇರುತ್ತಿತ್ತು. ಎಳೆತವನ್ನು ಹೊರುತ್ತಿದ್ದದ್ದು ಆ ಲಿನನ್.

ತಿಮಿಂಗಿಲ ಬೇಟೆ ಮಿತಿಮೀರಿ, ಬೆಲೆ ಏರಿದಾಗ ಜನ ಬದಲಿ ಹುಡುಕಿದರು. 1883ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎಡ್ವರ್ಡ್ ವಾರೆನ್ ಎಂಬುವರು ಟರ್ಕಿ ಕೋಳಿಯ ಗರಿ ದಂಟಿನಿಂದ 'ಫೆದರ್‌ಬೋನ್' ಮಾಡಿದರು. ಗರಿಯಿಂದಲೂ ಈ ಕೆಲಸ ನಡೆಯಿತು ಅಂದರೆ ನೋಡಿ.

ಸೂಜಿದಾರ ಅವರೇ, ಬೋನನ್ನು ಯಾವ ಪದರದ ಮೇಲೆ ಹೊಲಿದಿದ್ದೀರಿ?

ಸೂಜಿದಾರ
ಒಳಗಿನ ಸ್ಯಾಟಿನ್ ಲೈನಿಂಗ್ ಮೇಲೆ ಸರ್. ತೆಳ್ಳಗಿದೆ.

ರಂಗದ ಪೆಟ್ಟಿಗೆ
ಅಲ್ಲೇ ಇದೆ ತೊಂದರೆ. ನಡುವೆ ಒಂದು ಪದರ ಕಾಟನ್ ಡ್ರಿಲ್, ಅಂದರೆ ದಪ್ಪ ಗಟ್ಟಿ ಹತ್ತಿ ಬಟ್ಟೆ, ಹಾಕಿ. ಸಿಗದಿದ್ದರೆ ಎರಡು ಪದರ ಕೋರಾ ಬಟ್ಟೆ. ಒಂದು ಸಲ ತೊಳೆದು, ಒಣಗಿಸಿ, ನೇರ ಎಳೆಯಲ್ಲೇ ಕತ್ತರಿಸಿ. ಎಲ್ಲಾ ಬೋನ್ ಆ ಪದರಕ್ಕೇ ಹೋಗಬೇಕು. ಮೇಲಿನ ರೇಷ್ಮೆ ನೋಡಲಿಕ್ಕೆ, ಒಳಗಿನ ಲೈನಿಂಗ್ ಚರ್ಮಕ್ಕೆ ಮೆತ್ತಗಿರಲಿಕ್ಕೆ.

ಬರ್ಲಿನ್ ಬ್ಲೌಸ್
ಇಲ್ಲಿ ಜರ್ಮನಿಯಲ್ಲಿ ತಿಮಿಂಗಿಲದ ಪಟ್ಟಿಯ ಹಾಗೇ ವರ್ತಿಸುವ ಪ್ಲಾಸ್ಟಿಕ್ ಬೋನ್ ಮಾಡುತ್ತಾರೆ. ನಾನು 7 ಮಿ.ಮೀ. ಅಗಲದ್ದು ಬಳಸುತ್ತೇನೆ. ರಿಜಿಲೀನ್‌ಗಿಂತ ಗಟ್ಟಿ, ಸ್ಟೀಲ್‌ಗಿಂತ ಹಗುರ. ಕತ್ತರಿಯಲ್ಲೇ ಕತ್ತರಿಸಿ, ಉಗುರಿನ ಫೈಲ್‌ನಿಂದ ತುದಿ ಉಜ್ಜಿದರೆ ಆಯಿತು. ಇದನ್ನು ನಾನು ಕೊಳವೆಯಲ್ಲೇ ಹಾಕುತ್ತೇನೆ. ಕೊಳವೆ ಬೋನ್‌ಗಿಂತ 2 ಮಿ.ಮೀ. ಅಗಲ ಇರಲಿ. ಪ್ಲಾಸ್ಟಿಕ್ ಅಂದ ತಕ್ಷಣ ಎಲ್ಲವನ್ನೂ ಒಂದೇ ಗುಂಪಿಗೆ ಹಾಕಬೇಡಿ, ಅದೇ ನನ್ನ ಮಾತು. 12 ದಿನದಲ್ಲಿ ತರಿಸುವುದು ಕಷ್ಟ ಅಲ್ವಾ, ಈ ಸಲಕ್ಕೆ ಬೇಡ.

ಹುಬ್ಬಳ್ಳಿ ಹೊಲಿಗೆ
ಅಷ್ಟು ದೂರ ಯಾಕೆ? ಹಾರ್ಡ್‌ವೇರ್ ಅಂಗಡಿಯ ದಪ್ಪ ಕೇಬಲ್ ಟೈ ಹಾಕಿ ಹೊಲಿಯುವವರೂ ಇದ್ದಾರೆ. ಟ್ರಯಲ್‌ಗೆ ಚೆನ್ನಾಗಿದೆ. ಮದುವೆ ಬ್ಲೌಸ್‌ಗೆ ನಾನು ಹಾಕುವುದಿಲ್ಲ, ಅಂಚು ಚೂಪು.

ಡ್ರಿಲ್ ಮಾತು ಮಾತ್ರ ಬಹಳ ಸರಿ ಐತ್ರೀ. ನಾನು ಯಾವಾಗಲೂ ಹಾಕುತ್ತೇನೆ. ಬೋನ್ ಬಗ್ಗೆ ಹೇಳುವ ಭರದಲ್ಲಿ ಅದನ್ನು ಹೇಳಲೇ ಇಲ್ಲ, ನನ್ನದೇ ತಪ್ಪು.

ಕಡಲೂರು ಗೌನ್
ಗೌನ್‌ಗೆ ನಾವು ಒಳಗೆ ಸೊಂಟದ ಟೇಪ್ ಹಾಕುತ್ತೇವೆ. ಒಂದು ಇಂಚಿನ ಪೀಟರ್‌ಶ್ಯಾಮ್, ಅಂದರೆ ಗೀರು ನೇಯ್ಗೆಯ ಗಟ್ಟಿ ರಿಬ್ಬನ್. ಮೊದಲು ಅದರ ಹುಕ್ಕು ಹಾಕಿ, ಆಮೇಲೆ ಜಿಪ್. ಗೌನ್‌ನ ತೂಕ ಎಲ್ಲಾ ಸೊಂಟದ ಮೇಲೆ ಕೂರುತ್ತದೆ. ಈ ಬ್ಲೌಸ್ ಸೊಂಟದವರೆಗೆ ಬರುವುದೇ ಇಲ್ಲ. ಹಾಗಾಗಿ ಅದೇ ಟೇಪನ್ನು ಎದೆಯ ಕೆಳಗೆ, ಪಕ್ಕೆಯ ಸುತ್ತ ಹಾಕಿ. ಮೈ ಅಳತೆಗಿಂತ 2 ಸೆಂ.ಮೀ. ಕಡಿಮೆ ಇಡಿ. ಹೊಲಿಗೆ ಸೇರುವ ಕಡೆ ಮಾತ್ರ ಟೇಪನ್ನು ಹಿಡಿಸಿ.

ಮುಖ್ಯವಾದದ್ದು ಸೆರಗು. ಪಿನ್ ಎಲ್ಲಿ ಹಾಕುತ್ತೀರಿ? ಭುಜವೇ ಇಲ್ಲದ ಮೇಲೆ ಅಷ್ಟು ಜರಿಯ ತೂಕ ಬ್ಲೌಸಿನ ಎಡ ಅಂಚಿನ ಮೇಲೆ ಬೀಳುತ್ತದೆ. ಒಂದೇ ಕಡೆ ಜಾರುತ್ತಿದೆಯಾ ನೋಡಿ.

ಸೂಜಿದಾರ
ಹೌದು ಅಕ್ಕ! ಎಡಗಡೆಯೇ ಮೊದಲು ಇಳಿದದ್ದು. ನಾನು ಎರಡೂ ಕಡೆ ಒಂದೇ ಥರ ಬೋನ್ ಹಾಕಿದ್ದೆ. ಬೆನ್ನಿಗೆ ಐಲೆಟ್ (ಲೋಹದ ಉಂಗುರದ ತೂತು) ಹೊಡೆದು ದಾರ ಕಟ್ಟುವ ಮಾದರಿ.

ಕಡಲೂರು ಗೌನ್
ಹಾಗಾದರೆ ಐಲೆಟ್ ಸಾಲಿನ ಎರಡೂ ಪಕ್ಕ ಚಪ್ಪಟೆ ಸ್ಟೀಲ್ ಬೇಕು, ಒಟ್ಟು ನಾಲ್ಕು. ದಾರ ಎಳೆದಾಗ ಬೆನ್ನು ಸುಕ್ಕಾಗಬಾರದು. ಇದರಲ್ಲಿ ನಾನು ಬಗ್ಗುವುದಿಲ್ಲ. ಉಳಿದ ಕಡೆ ರಿಜಿಲೀನ್ ಇರಲಿ, ಹುಬ್ಬಳ್ಳಿಯವರು ಹೇಳಿದ್ದಕ್ಕೆ ಒಪ್ಪುತ್ತೇನೆ. ಪಿನ್ ಹಾಕುವ ಜಾಗದ ಕೆಳಗೆ ಎರಡು ಪಟ್ಟಿ ಒಂದರ ಮೇಲೊಂದು ಹಾಕಿ. ಒಂದರ ಸುರುಳಿ ಒಳಗೆ, ಇನ್ನೊಂದರದು ಹೊರಗೆ. ಎರಡೂ ಎದುರು ಬದುರು ಎಳೆದು ನೇರ ನಿಲ್ಲುತ್ತವೆ.

ಹುಬ್ಬಳ್ಳಿ ಹೊಲಿಗೆ
ದಾರ ಕಟ್ಟುವುದಾದರೆ ಬೆನ್ನಿಗೆ ಸ್ಟೀಲ್ ಸರಿ. ಹುಕ್ಕು ಅಂದುಕೊಂಡಿದ್ದೆ.

ಸೂಜಿದಾರ (ನಾಲ್ಕು ದಿನದ ನಂತರ)
ಡ್ರಿಲ್ ಪದರ, ಪಕ್ಕೆಯ ಟೇಪ್, ಬೆನ್ನಿಗೆ 6 ಮಿ.ಮೀ. ಸ್ಟೀಲ್ ನಾಲ್ಕು, ಎಡಗಡೆ ಜೋಡಿ ರಿಜಿಲೀನ್. ನಿನ್ನೆ ಸೀರೆ ಸಮೇತ ಎರಡೂವರೆ ಗಂಟೆ ಹಾಕಿಸಿದೆ. ಒಂದು ಚೂರೂ ಜಾರಲಿಲ್ಲ. ಅಮ್ಮ ಸೆರಗು ಹಿಡಿದು ಎಳೆದೂ ನೋಡಿದರು. ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಒಂದೇ ತೊಂದರೆ, ಕೂತಾಗ ಮುಂದಿನ ಎರಡು ಬೋನ್ ಕೆಳಗೆ ಒತ್ತುತ್ತವೆ.

ರಂಗದ ಪೆಟ್ಟಿಗೆ
ಬೋನ್ ತುದಿಗಳು ಅಂಚಿನ ಹೊಲಿಗೆ ಗೆರೆಗೆ ಎಷ್ಟು ಹತ್ತಿರ ಇವೆ?

ಸೂಜಿದಾರ
ಗೆರೆಗೆ ತಾಗಿಯೇ ಇವೆ.

ರಂಗದ ಪೆಟ್ಟಿಗೆ
ಮೇಲೆ, ಕೆಳಗೆ ಎರಡೂ ಕಡೆ 6 ಮಿ.ಮೀ. ಬಿಡಿ. ಮುಂದಿನ ಎರಡಕ್ಕೆ ಕೆಳಗೆ ಒಂದು ಸೆಂ.ಮೀ. ಬಿಟ್ಟರೂ ನಡೆಯುತ್ತದೆ. ಕತ್ತರಿಸಿದ ಮೇಲೆ ತುದಿ ಮತ್ತೆ ಕರಗಿಸಿ. ಕುರ್ಚಿಯಲ್ಲಿ ಅಲ್ಲ, ಮಣೆ ಮೇಲೆ ಕೂರಿಸಿ ಇನ್ನೊಂದು ಸಲ ನೋಡಿ.

ಸೂಜಿದಾರ
ಇವತ್ತು ರಾತ್ರಿಯೇ ಬಿಚ್ಚುತ್ತೇನೆ ಸರ್.