ಅಪ್‌ಡೇಟ್: ಪಿಯುಸಿನಾ, ಡಿಪ್ಲೊಮಾನಾ ಅಂತ ಕೇಳಿದ್ದೆ, ಸೇರಿಬಿಟ್ಟೆ

ಎಸ್‌ಎಸ್‌ಎಲ್‌ಸಿ ಮುಗಿದಾಗ ಪಿಯುಸಿಯಲ್ಲಿ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ತಗೊಳ್ಳಲಾ, ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಸೇರಲಾ ಅಂತ ಇಲ್ಲೇ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಡಿಪ್ಲೊಮಾ ಸೇರಿದೆ, ಬೆಂಗಳೂರಿನಲ್ಲೇ, ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ. ಅಪ್ಪ ಮಾತ್ರ ಒಂದು ವಾರ ಮುಖ ಊದಿಸಿಕೊಂಡಿದ್ದರು. 'ಡಿಪ್ಲೊಮಾ ಮಾಡಿದರೆ ಇಂಜಿನಿಯರ್ ಆಗಲ್ಲ' ಅಂತ ಅವರಿಗೆ ಯಾರೋ ಹೇಳಿದ್ದರಂತೆ. ಇಲ್ಲಿ ಒಬ್ಬ ಅಕ್ಕ ಬರೆದಿದ್ದನ್ನೇ ಓದಿ ಹೇಳಿದೆ: ಮೂರು ವರ್ಷ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರಿಗಿರುವ ಸಿಇಟಿ) ಬರೆದು ಒಳ್ಳೆ ರ‍್ಯಾಂಕ್ ಬಂದರೆ ಬಿಇ ಎರಡನೇ ವರ್ಷಕ್ಕೆ ನೇರ ಸೀಟು ಸಿಗುತ್ತದೆ, ಆ ಪರೀಕ್ಷೆ ನಡೆಸುವುದೂ ಸಿಇಟಿ ನಡೆಸುವ ಕೆಇಎನೇ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಅಪ್ಪ ಲೆಕ್ಕ ಹಾಕಿದರು. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಇಲ್ಲೂ ಡಿಪ್ಲೊಮಾ ಮೂರು, ಬಿಇ ಮೂರು, ಆರೇ! ಆಮೇಲೆ ಸುಮ್ಮನಾದರು.

ಕಷ್ಟ ಇಲ್ಲ ಅಂತಲ್ಲ. ನಾನು ಕನ್ನಡ ಮೀಡಿಯಂ. ಮೊದಲ ತಿಂಗಳು ಲ್ಯಾಬ್‌ನಲ್ಲಿ ಪ್ರೋಗ್ರಾಂ ಬರೆಯುವಾಗ ಸ್ಕ್ರೀನ್ ಮೇಲೆ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಎರರ್ ಬಂದರೆ ಸುಮ್ನೆ ಕೂತುಬಿಡುತ್ತಿದ್ದೆ. ಈಗ ಮೊದಲು ಲೈನ್ ನಂಬರ್ ನೋಡುತ್ತೇನೆ. ಮುಕ್ಕಾಲು ಸಲ ಸಾಲಿನ ಕೊನೆಯ ಒಂದು ಸೆಮಿಕೋಲನ್ (;) ಬಿಟ್ಟಿರುತ್ತೇನೆ, ಅಷ್ಟೇ.

ಲ್ಯಾಪ್‌ಟಾಪ್ ಇನ್ನೂ ತಗೊಂಡಿಲ್ಲ. ಸೆಕೆಂಡ್ ಹ್ಯಾಂಡ್‌ಗೆ ಎಸ್‌ಪಿ ರೋಡ್‌ಗೆ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್) ಹೋಗುವ ಪ್ಲಾನ್ ಇದೆ. ಅಲ್ಲಿ ಚೌಕಾಸಿ ಮಾಡಿ ಅಭ್ಯಾಸ ಇರುವವರು ಹೇಳಿ, ಬ್ಯಾಟರಿ ಹೇಗೆ ಚೆಕ್ ಮಾಡುವುದು?