ತಂಡದ ಇಬ್ಬರು ತಾರೆಯರು ಮಾತು ಬಿಟ್ಟಿದ್ದಾರೆ: ಅನುಭವಸ್ಥರು ತಿಳಿಸಿ

ಪ್ರಶ್ನೆ, ವಿಜಯಪುರದಿಂದ:
ಬಹುಮಾನದ ಟೂರ್ನಿಗಳಲ್ಲಿ ಆಡುವ ನಮ್ಮ ಬಾಸ್ಕೆಟ್‌ಬಾಲ್ ತಂಡದಲ್ಲಿ ಸಂಭಾವನೆ ಕೊಟ್ಟು ಕರೆತಂದ ಪಾಯಿಂಟ್ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವ) ಮತ್ತು ಸೆಂಟರ್ (ಬುಟ್ಟಿಯ ಬಳಿ ಆಡುವವ) ದೀಪಾವಳಿಯಿಂದ ಪರಸ್ಪರ ಮಾತು ಬಿಟ್ಟಿದ್ದಾರೆ. ಗಾರ್ಡ್ ಒಳಗೆ ಪಾಸ್ ಕೊಡುವುದಿಲ್ಲ, ಸೆಂಟರ್ ಅವನಿಗೆ ಸ್ಕ್ರೀನ್ (ಎದುರಾಳಿಯ ದಾರಿಗೆ ಅಡ್ಡ) ನಿಲ್ಲುವುದಿಲ್ಲ, ನಾವು ಸೋಲುತ್ತಲೇ ಇದ್ದೇವೆ. ಒಬ್ಬನನ್ನು ಬಿಡಬೇಕೋ, ಇಬ್ಬರನ್ನೂ ಇಟ್ಟುಕೊಂಡೇ ಆಟದ ಋತು ಮುಗಿಸಬೇಕೋ ತಿಳಿಯುತ್ತಿಲ್ಲ. ಜೆರ್ಸಿಯ ಪ್ರಾಯೋಜಕರು ಗಾರ್ಡ್‌ನ ಸೋದರಮಾವ ಎಂಬುದೂ ತಮ್ಮ ಗಮನದಲ್ಲಿರಲಿ.

ಬೆಳಗಾವಿಯ ತಂಡ ವ್ಯವಸ್ಥಾಪಕ:
ಬಿಟ್ಟುಬಿಡಿ. ನಾನು ಬಿಟ್ಟಿದ್ದೇನೆ, ಆ ಬಗ್ಗೆ ನನಗೆ ಹೆಮ್ಮೆಯಿದೆ. ನಮ್ಮಲ್ಲಿ ಜಗಳವಿದ್ದದ್ದು ಇಬ್ಬರು ಫಾರ್ವರ್ಡ್‌ಗಳ ನಡುವೆ. ಹೊರಗೆ ಹೋದವನ ಲೆಕ್ಕ ಹೇಳುತ್ತೇನೆ: ಮುಂಗಡವಾಗಿ ಕೊಟ್ಟ 40,000 ರೂಪಾಯಿ ಮರಳಿ ಬರಲಿಲ್ಲ, ಟಿಳಕವಾಡಿಯಲ್ಲಿ ಅವನಿಗಾಗಿ ಹಿಡಿದ ಕೋಣೆಯ 20,000 ರೂಪಾಯಿ ಠೇವಣಿಯಲ್ಲಿ ಮಾಲೀಕರು ಸುಣ್ಣಬಣ್ಣದ ಹೆಸರು ಹೇಳಿ 6,500 ಮುರಿದುಕೊಂಡರು, ಊರಲ್ಲಿ ಸಿಗದ 14ನೇ ನಂಬರಿನ ಬೂಟನ್ನು ಮುಂಬಯಿಯಿಂದ 11,800ಕ್ಕೆ ತರಿಸಿದ್ದೆ, ಅದು ಬೇರೆ ಯಾರ ಕಾಲಿಗೂ ಹೊಂದುವುದಿಲ್ಲ. ಅವನ ಬದಲಿಗೆ ಬಂದ ಹುಡುಗ ಮಳೆಗಾಲದಲ್ಲಿ ಪಾಚಿಗಟ್ಟಿದ ಸಿಮೆಂಟ್ ಅಂಕಣದಲ್ಲಿ ಜಾರಿ ಹಿಮ್ಮಡಿಯ ಮೇಲಿನ ಗಂಟು ಉಳುಕಿಸಿಕೊಂಡ. ಫಿಸಿಯೊಥೆರಪಿಗೆ ಪ್ರತಿ ಸಲ 400 ರೂಪಾಯಿ, ಆಟೊ ಬಾಡಿಗೆ ಬೇರೆ. ಆದರೂ ಉಳಿದ ಹುಡುಗರು ಟೈಮ್‌ಔಟ್‌ನಲ್ಲಿ ಬಾಯಿ ಬಿಟ್ಟು ಮಾತನಾಡತೊಡಗಿದರು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡಲ್ಲಾಸ್ ಮ್ಯಾವರಿಕ್ಸ್ ಕಥೆ ನೋಡಿ. 1993-94ರಲ್ಲಿ 82 ಪಂದ್ಯಗಳಲ್ಲಿ 13 ಗೆದ್ದಿದ್ದ ಆ ತಂಡ ಮರುಋತುವಿನಲ್ಲಿ ಜೇಸನ್ ಕಿಡ್ ಬಂದಾಗ 36ಕ್ಕೆ ಏರಿತು. ಕಿಡ್, ಜಿಮ್ ಜಾಕ್ಸನ್, ಜಮಾಲ್ ಮ್ಯಾಶ್‌ಬರ್ನ್ ಮೂವರೂ ಎಳೆಯರು, ಮೂವರೂ ಪ್ರತಿಭಾವಂತರು, ಆದರೆ ಹೊಂದಾಣಿಕೆ ಕೆಟ್ಟು ಅದರ ಮುಂದಿನ ಋತುವಿನಲ್ಲಿ ತಂಡ 26ಕ್ಕೆ ಕುಸಿಯಿತು. 1996ರ ಡಿಸೆಂಬರ್‌ನಲ್ಲಿ ಕಿಡ್ ಅವರನ್ನು ಫೀನಿಕ್ಸ್‌ಗೆ, 1997ರ ಫೆಬ್ರುವರಿಯಲ್ಲಿ ಉಳಿದಿಬ್ಬರನ್ನು ಬೇರೆ ತಂಡಗಳಿಗೆ ಕೊಟ್ಟ ಮೇಲೆಯೇ ಆ ಮನೆ ಸ್ವಚ್ಛವಾಯಿತು.

ಬಾಗಲಕೋಟೆ ನವನಗರದ ಮಾಜಿ ಸೆಂಟರ್:
ಸ್ವಚ್ಛವಾಯಿತೆಂದು ಬರೆಯುವಾಗ ಆ ಸ್ವಚ್ಛ ಮನೆ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಮುಟ್ಟಿದ್ದು 2001ರಲ್ಲಿ ಎಂಬುದನ್ನೂ ಬರೆಯಬೇಕಿತ್ತು. ಕುಸಿದ ಋತುವಿನಲ್ಲಿ ಮ್ಯಾಶ್‌ಬರ್ನ್ ಗಾಯಗೊಂಡು 18 ಪಂದ್ಯಗಳನ್ನಷ್ಟೇ ಆಡಿದ್ದರು. ಎಲ್ಲ ಸೋಲನ್ನೂ ಜಗಳದ ಖಾತೆಗೆ ಜಮಾ ಮಾಡುವುದು ವ್ಯವಸ್ಥಾಪಕರ ಹಳೆಯ ಚಾಳಿ. ನನ್ನನ್ನೂ ಹೀಗೆಯೇ ಬಿಟ್ಟರು. ನಮ್ಮ ಗಾರ್ಡ್ ನನ್ನನ್ನು ನೋಡಿಯೂ ನೋಡದಂತೆ ಮೂಲೆಯವನಿಗೆ ಚೆಂಡು ಕೊಡುತ್ತಿದ್ದ. ಬುಟ್ಟಿಯ ಕೆಳಗೆ ಬೆನ್ನಿಗೆ ಎದುರಾಳಿಯನ್ನು ಒತ್ತಿ ಹಿಡಿದು, ಕೈ ಎತ್ತಿ ನಿಂತ ನನ್ನ ವಿರುದ್ಧ ಅಂಪೈರ್ ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತ ಉಲ್ಲಂಘನೆಗೆ ಶಿಳ್ಳೆ ಹೊಡೆಯುತ್ತಿದ್ದರು, ಆಮೇಲೆ ಸಮಿತಿಯವರು ಅಂಕಪಟ್ಟಿ ಹಿಡಿದು ‘ಟರ್ನ್‌ಓವರ್ (ಚೆಂಡು ಕಳೆದುಕೊಂಡದ್ದು) ನಿನ್ನದೇ ಜಾಸ್ತಿ’ ಎನ್ನುತ್ತಿದ್ದರು. ಬಿಟ್ಟ ಮೇಲೆ ಮೊಣಕಾಲಿನ ಲಿಗಮೆಂಟ್ ಶಸ್ತ್ರಚಿಕಿತ್ಸೆಗೆ 1,35,000, ಬ್ರೇಸ್‌ಗೆ 4,200, ಎಲ್ಲವೂ ನನ್ನ ತಂದೆಯ ಜೇಬಿನಿಂದಲೇ ಹೋಯಿತು. ಗಾಯವಾದದ್ದು ಅವರ ಪಂದ್ಯದಲ್ಲಿ. ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಶಕೀಲ್ ಓನೀಲ್ ಮತ್ತು ಕೋಬಿ ಬ್ರಯಂಟ್ ಒಬ್ಬರನ್ನೊಬ್ಬರು ಸಹಿಸದೆಯೇ 2000, 2001, 2002ರಲ್ಲಿ ಸತತ ಪ್ರಶಸ್ತಿ ಗೆದ್ದರು. 2004ರಲ್ಲಿ ಓನೀಲ್ ಅವರನ್ನು ಮಯಾಮಿಗೆ ಕಳುಹಿಸಿದ ಲೇಕರ್ಸ್ ಮುಂದಿನ ಋತುವಿನಲ್ಲಿ 34 ಪಂದ್ಯ ಗೆದ್ದು ಪ್ಲೇಆಫ್ ತಲುಪಲೇ ಇಲ್ಲ, ಓನೀಲ್ 2006ರಲ್ಲಿ ಮಯಾಮಿಯಲ್ಲಿ ಮತ್ತೊಂದು ಪ್ರಶಸ್ತಿ ಎತ್ತಿದರು.

ಬೆಳಗಾವಿಯ ತಂಡ ವ್ಯವಸ್ಥಾಪಕ:
ಅದೇ ಲೇಕರ್ಸ್ 2009 ಮತ್ತು 2010ರಲ್ಲಿ ಓನೀಲ್ ಇಲ್ಲದೆಯೇ ಗೆದ್ದದ್ದು ತಮಗೆ ಕಾಣಿಸಲಿಲ್ಲವೆ? ಮೊಣಕಾಲಿನ ನೋವಿಗೆ ನನ್ನ ಸಹಾನುಭೂತಿಯಿದೆ, ಆದರೆ ಅದರ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ.

ಮುಧೋಳದ ಕಬಡ್ಡಿ ತಂಡದ ಮಾಲೀಕ:
ನಾನು ಇಬ್ಬರನ್ನೂ ಇಟ್ಟುಕೊಂಡೆ, ಆದ್ದರಿಂದ ನನಗೂ ಮಾತನಾಡುವ ಹಕ್ಕಿದೆ. ನಮ್ಮ ಎಡಗಡೆಯ ರಕ್ಷಕರಾದ ಕಾರ್ನರ್ ಮತ್ತು ಕವರ್ ಆಟಗಾರರು ಹೊಲದ ಬದುವಿನ ತಕರಾರಿನಿಂದ ಪರಸ್ಪರ ಕೈ ಹಿಡಿಯುವುದನ್ನೇ ನಿಲ್ಲಿಸಿದರು. ಕೈ ಹಿಡಿಯದೆ ಸರಪಳಿ ಹೇಗಾದೀತು? ಎದುರಾಳಿ ರೈಡರ್‌ಗಳು ಅವರಿಬ್ಬರ ನಡುವಿನ ಆ ಒಂದು ಗೇಣು ಬಯಲನ್ನು ನೋಡಿಕೊಂಡೇ ನುಗ್ಗಿ ಬೋನಸ್ ಅಂಕ ಕದ್ದು ಹೋಗುತ್ತಿದ್ದರು. ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕಳುಹಿಸಲಾಗದೆ ಎರಡು ಗಾಡಿ ಮಾಡಿದೆ. ಜತ್ತಿನ ಟೂರ್ನಿಗೆ ಡೀಸೆಲ್‌ಗೇ 5,600, ಚಾಲಕರ ಭತ್ಯೆ 1,000, ಲಾಡ್ಜಿನಲ್ಲಿ ಹೆಚ್ಚುವರಿ ಕೋಣೆಗೆ 900. ನನ್ನ ಹೆಂಡತಿ ಇಂದಿಗೂ ಆ ಲೆಕ್ಕವನ್ನು ಎತ್ತಿ ಆಡುತ್ತಾಳೆ. ಆದರೆ ಕೊನೆಯ ಟೂರ್ನಿಯಲ್ಲಿ ಇಬ್ಬರೂ ಕೈ ಹಿಡಿದೇ ನಿಂತರು, ಮಾತು ಮಾತ್ರ ಆಡಲಿಲ್ಲ. ಮಾತು ಆಡಿಸುವುದು ನನ್ನ ಕೆಲಸವೂ ಅಲ್ಲ.

ಬೆಳಗಾವಿಯ ತಂಡ ವ್ಯವಸ್ಥಾಪಕ:
ಇಲ್ಲಿ ಚರ್ಚೆ ಬಾಸ್ಕೆಟ್‌ಬಾಲ್ ಬಗ್ಗೆ. 24 ಸೆಕೆಂಡಿನಲ್ಲಿ ಐವರು ಸೇರಿ ಶಾಟ್ ಕಟ್ಟಬೇಕಾದ ಆಟವನ್ನು ಕಬಡ್ಡಿಗೆ ಹೋಲಿಸುವುದು ಸಮಂಜಸವಲ್ಲ.

ಮುಧೋಳದ ಕಬಡ್ಡಿ ತಂಡದ ಮಾಲೀಕ:
ಕಬಡ್ಡಿಯಲ್ಲಿ ರೈಡ್‌ಗೆ 30 ಸೆಕೆಂಡು, ಅಂಗಳದಲ್ಲಿ ಏಳು ಜನ, ತಪ್ಪಿದರೆ ಹೊರಗೆ ಕೂರಬೇಕು. ಸಿಮೆಂಟ್ ಅಂಕಣದಲ್ಲಿ ಆಡಿದವರು ಮಣ್ಣಿನಲ್ಲಿ ಆಡಿದವರಿಗೆ ಹೊಂದಾಣಿಕೆಯ ಪಾಠ ಹೇಳುವುದು ಬೇಡ. ತಾವು ಒಬ್ಬನನ್ನು ಬಿಟ್ಟ ಮೇಲೆ ಎಷ್ಟು ಕಪ್ ಗೆದ್ದಿರಿ ಎಂಬುದು ತಮ್ಮ ಉದ್ದನೆಯ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಬಾಗಲಕೋಟೆ ನವನಗರದ ಮಾಜಿ ಸೆಂಟರ್:
ಅದನ್ನೇ ನಾನೂ ಕೇಳಬೇಕೆಂದಿದ್ದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಭಾನುವಾರ ಸಮಿತಿಯ ಸಭೆಯಿದೆ. ಸೋದರಮಾವನ ವಿಷಯವಾಗಿ ಯಾರಾದರೂ ದಯವಿಟ್ಟು ಹೇಳುವಿರಾ?

ಮುಧೋಳದ ಕಬಡ್ಡಿ ತಂಡದ ಮಾಲೀಕ:
ಪ್ರಾಯೋಜಕರ ಬಂಧುವನ್ನು ಆಡಿಸಿದ ವರ್ಷ ನನಗೂ ಇತ್ತು. ಹುಡುಗನನ್ನು ಒಂದು ಪಂದ್ಯ ಹೊರಗೆ ಕೂರಿಸಿದ್ದಕ್ಕೆ ಅವರು ಉಳಿದ ಕಂತು ತಡೆದರು. 16 ಜೆರ್ಸಿಗಳ ಮೇಲೆ ಅವರ ಅಂಗಡಿಯ ಹೆಸರನ್ನು ತಲಾ 180 ರೂಪಾಯಿಗೆ ಅಚ್ಚು ಹಾಕಿಸಿದ್ದೆ, ಅದರ ಮೇಲೆ ಬಟ್ಟೆಯ ಪಟ್ಟಿ ಹೊಲಿಸಲು ದರ್ಜಿಗೆ ತಲಾ 60 ಕೊಟ್ಟೆ. ಹಣವನ್ನು ಸಭೆಗೆ ಮೊದಲೇ ಪೂರ್ತಿ ವಸೂಲು ಮಾಡಿಕೊಳ್ಳಿ.

ಬೆಳಗಾವಿಯ ತಂಡ ವ್ಯವಸ್ಥಾಪಕ:
ಹಣ ವಸೂಲು ಮಾಡಿಕೊಂಡು ಆಮೇಲೆ ಹುಡುಗನನ್ನು ಬಿಡಿ ಎನ್ನುವುದು ಮೋಸ. ಇಂಥ ಸಲಹೆಯಿಂದಲೇ ನಮ್ಮ ಜಿಲ್ಲೆಗಳಲ್ಲಿ ಪ್ರಾಯೋಜಕರು ಸಿಗುತ್ತಿಲ್ಲ.

ಮುಧೋಳದ ಕಬಡ್ಡಿ ತಂಡದ ಮಾಲೀಕ:
ಬಿಡಿ ಎಂದು ನಾನು ಎಲ್ಲಿ ಬರೆದಿದ್ದೇನೆ? ಬಿಡುವವರು ತಾವು, ನಾನು ಇಟ್ಟುಕೊಳ್ಳುವವನು. ಮೇಲಿನದನ್ನು ಇನ್ನೊಮ್ಮೆ ಓದಿ, ಕಪ್ಪಿನ ಲೆಕ್ಕಕ್ಕೂ ಉತ್ತರ ಬರೆಯಿರಿ.