ಮ್ಯೂಲ್ ಡಿಯರ್‌ಗೂ ಎಲ್ಕ್‌ಗೂ ಒಂದೇ ರೈಫಲ್: ಯಾವ ತೋಟಾ ಆರಿಸಲಿ?

ಪ್ರಶ್ನೆ (ಡೆನ್ವರ್ ಹತ್ತಿರದ ಸದಸ್ಯರು):

ನಮಸ್ಕಾರ ಸರ್. ನಮ್ಮೂರು ಮಡಿಕೇರಿ ಕಡೆ. ಈಗ ಗ್ರೀನ್ ಕಾರ್ಡ್ ಇದೆ, ಕೊಲರಾಡೋದಲ್ಲಿ ನೆಲೆಸಿದ್ದೇನೆ. ಬೇಟೆ ಲೈಸೆನ್ಸಿಗೆ ಬೇಕಾದ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದ್ದೇನೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಹನ್ನೆರಡು ಬೋರ್ ಕೋವಿಯಿಂದ ತೆಂಗಿನಕಾಯಿಗೆ ಗುರಿ ಇಟ್ಟಿದ್ದು ಬಿಟ್ಟರೆ ರೈಫಲ್ ಹಿಡಿದು ಅಭ್ಯಾಸವಿಲ್ಲ. ಕೊಳ್ಳುವುದು ಒಂದೇ ರೈಫಲ್. ಈ ವರ್ಷ ಮ್ಯೂಲ್ ಡಿಯರ್ ಜಿಂಕೆ, ಮುಂದೆ ಎಲ್ಕ್ (ಕಡವೆಯಂಥ ದೊಡ್ಡ ಜಿಂಕೆ), ಅವಕಾಶ ಸಿಕ್ಕರೆ ಕಪ್ಪು ಕರಡಿ. ಅಂಗಡಿಯವರು .300 ವಿಂಚೆಸ್ಟರ್ ಮ್ಯಾಗ್ನಮ್ ಅನ್ನುವ ಜೋರು ತೋಟಾದ್ದು ತಗೊಳ್ಳಿ ಅಂತಾರೆ. ಆಫೀಸಿನ ಗೆಳೆಯರು 6.5 ಕ್ರೀಡ್‌ಮೋರ್ ಅನ್ನುವ ಹಗುರ ತೋಟಾ ಸಾಕು ಅಂತಾರೆ. ನೀವೇನು ಹೇಳುತ್ತೀರಿ?

ಉತ್ತರ (ಕೋವಿ ರಿಪೇರಿ ಮಾಡುವವರು, ಹಂಟರ್ ಎಜುಕೇಶನ್ ತರಬೇತುದಾರರು):

ನಮಸ್ಕಾರ. ನೇರವಾಗಿ ಹೇಳುತ್ತೇನೆ: .30-06 ಸ್ಪ್ರಿಂಗ್‌ಫೀಲ್ಡ್ ತೋಟಾದ ರೈಫಲ್ ತಗೊಳ್ಳಿ. ತೋಟಾದ ತುದಿಯಲ್ಲಿದ್ದು ಹಾರಿಹೋಗುವ ಲೋಹವೇ ಗುಂಡು, ಅದರ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಈ ರೈಫಲ್‌ಗೆ 165 ಗ್ರೇನ್‌ನ ಒಂದು ಗಟ್ಟಿ ಗುಂಡು ಆರಿಸಿ, ಎಲ್ಲ ಬೇಟೆಗೂ ಅದನ್ನೇ ಬಳಸಿ.

ಇದು ಹಳೆಯ ತೋಟಾ. ಅಮೆರಿಕದ ಸೈನ್ಯ 1906ರಲ್ಲಿ ಒಪ್ಪಿಕೊಂಡದ್ದು, ಹೆಸರಿನ ಕೊನೆಯ 06 ಆ ವರ್ಷದ್ದೇ. ಎರಡು ಮಹಾಯುದ್ಧ ನೋಡಿದ ಮೇಲೂ ಬೇಟೆಗಾರರು ಇದನ್ನು ಬಿಟ್ಟಿಲ್ಲ. 165 ಗ್ರೇನ್ ಅಂದರೆ ಹತ್ತೂವರೆ ಗ್ರಾಂಗಿಂತ ಸ್ವಲ್ಪ ಜಾಸ್ತಿ. ಆ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 2,800 ಅಡಿ ವೇಗದಲ್ಲಿ ಹೊರಡುತ್ತದೆ. ಗಂಡು ಎಲ್ಕ್ 300 ಕಿಲೋ ದಾಟುತ್ತದೆ, ಮ್ಯೂಲ್ ಡಿಯರ್ ಸಾಮಾನ್ಯವಾಗಿ ಅದಕ್ಕಿಂತ ಬಹಳ ಹಗುರ. ಎರಡಕ್ಕೂ ಈ ಗುಂಡು ಸಾಲುತ್ತದೆ.

ನಿಮ್ಮ ರಾಜ್ಯದ ನಿಯಮವನ್ನೂ ನೋಡಿ. ಕೊಲರಾಡೋದಲ್ಲಿ ದೊಡ್ಡ ಬೇಟೆಗೆ ಸೆಂಟರ್‌ಫೈರ್ (ತೋಟಾದ ಬುಡದ ನಡುವೆ ಪೆಟ್ಟು ಬೀಳುವ) ರೈಫಲ್ ಕನಿಷ್ಠ .24 ಕ್ಯಾಲಿಬರ್, ಅಂದರೆ ನಳಿಗೆಯ ಒಳಗಲ .24 ಇಂಚು ಇರಬೇಕು. ಗುಂಡು ತಾಗಿದ ಮೇಲೆ ಅರಳುವಂಥದ್ದೇ ಆಗಬೇಕು. ಜಿಂಕೆ, ಪ್ರಾಂಗ್‌ಹಾರ್ನ್ (ಹುಲ್ಲೆಯಂಥ ಪ್ರಾಣಿ), ಕರಡಿಗೆ ಕನಿಷ್ಠ 70 ಗ್ರೇನ್, ಎಲ್ಕ್ ಮತ್ತು ಮೂಸ್‌ಗೆ (ಜಿಂಕೆ ಜಾತಿಯಲ್ಲೇ ದೊಡ್ಡದು) 85 ಗ್ರೇನ್. 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ನೀವು ಹೇಳಿದ ಎರಡೂ ತೋಟಾ ಇದರಲ್ಲಿ ಆರಾಮಾಗಿ ಪಾಸಾಗುತ್ತವೆ. ಹಾಗಾಗಿ ಕಾನೂನು ನಿಮ್ಮ ಆಯ್ಕೆಯನ್ನು ಸುಲಭ ಮಾಡುವುದಿಲ್ಲ.

ಮ್ಯಾಗ್ನಮ್ ಯಾಕೆ ಬೇಡ ಅಂದೆ? 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್ ಒಳ್ಳೆಯ ತೋಟಾನೇ, ಅದರಲ್ಲಿ ಅನುಮಾನವಿಲ್ಲ. ಆದರೆ 200 ಗಜಕ್ಕೆ ಗುರಿ ಹೊಂದಿಸಿದ .30-06 ಗುಂಡು 300 ಗಜದಲ್ಲಿ ಸುಮಾರು 8 ಇಂಚು ಕೆಳಗೆ ಬೀಳುತ್ತದೆ. ಮ್ಯಾಗ್ನಮ್‌ನದ್ದು ಒಂದೆರಡು ಇಂಚು ಕಡಿಮೆ ಬೀಳುತ್ತದೆ, ಅಷ್ಟೇ. ಎಲ್ಕ್‌ನ ಶ್ವಾಸಕೋಶದ ಜಾಗ ಒಂದು ಅಡಿಗೂ ಜಾಸ್ತಿ ಅಗಲ ಇರುತ್ತದೆ. ಆ ಒಂದೆರಡು ಇಂಚಿಗಾಗಿ ನೀವು ಕೊಡುವ ಬೆಲೆ ಭುಜದ ಮೇಲೆ ಬೀಳುತ್ತದೆ. ಎಂಟು ಪೌಂಡಿನ ರೈಫಲ್‌ನಲ್ಲಿ .30-06 ಸುಮಾರು 20 ಅಡಿ-ಪೌಂಡ್ ಒದೆಯುತ್ತದೆ, ಮ್ಯಾಗ್ನಮ್ 25 ದಾಟುತ್ತದೆ. ಹನ್ನೆರಡು ಬೋರಿನ ಒದೆತ ಕಂಡಿದ್ದೇನೆ, ಇದೇನು ಮಹಾ ಅಂತ ನಿಮಗೆ ಅನ್ನಿಸಬಹುದು. ಆದರೆ ನಿಂತು ತೆಂಗಿನಕಾಯಿಗೆ ಒಂದು ಈಡು ಹೊಡೆಯುವಾಗ ಮೈ ಹಿಂದಕ್ಕೆ ವಾಲಿ ಒದೆತ ಹೀರಿಕೊಳ್ಳುತ್ತದೆ. ಬೆಂಚಿಗೆ ಒರಗಿ ಕೂತು ಇಪ್ಪತ್ತು ತೋಟಾ ಸುಡುವಾಗ ಅದೆಲ್ಲ ಭುಜಕ್ಕೇ ಬರುತ್ತದೆ. ಆಮೇಲೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಕೈ ಜಗ್ಗುತ್ತದೆ. ನನ್ನ ಬಳಿ "ಸ್ಕೋಪ್ ಕೆಟ್ಟಿದೆ, ಗುಂಡು ಎಲ್ಲೆಲ್ಲೋ ಹೋಗ್ತಿದೆ" ಅಂತ ಬರುವ ಮ್ಯಾಗ್ನಮ್‌ಗಳಲ್ಲಿ ಬಹಳಷ್ಟಕ್ಕೆ ರಿಪೇರಿ ಬೇಕಾಗಿರುವುದಿಲ್ಲ.

ನಿಮಗೆ ಹೀಗೆ ಕಣ್ಣು ಮುಚ್ಚಿ ಕೈ ಜಗ್ಗುವ ಚಟ ಹತ್ತಿದೆಯಾ ಅಂತ ತಿಳಿಯಲು ಒಂದು ಉಪಾಯವಿದೆ. ರೇಂಜಿನಲ್ಲಿ ಗೆಳೆಯರೊಬ್ಬರ ಕೈಗೆ ರೈಫಲ್ ಕೊಡಿ. ನಿಮಗೆ ಕಾಣದ ಹಾಗೆ ಅವರು ಒಮ್ಮೆ ನಿಜವಾದ ತೋಟಾ, ಒಮ್ಮೆ ಡಮ್ಮಿ (ಮದ್ದಿಲ್ಲದ) ತೋಟಾ ತುಂಬಿ ಕೊಡಲಿ. ಡಮ್ಮಿ ಬಂದಾಗ ನಳಿಗೆ ಅಲುಗಿದರೆ ಗೊತ್ತಾಗಿಬಿಡುತ್ತದೆ.

ಇನ್ನು ಗುಂಡಿನ ವಿಷಯ. ಜನ ತೋಟಾ ಹೆಸರಿನ ಮೇಲೆ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಗುಂಡು ಮಾತ್ರ ಯಾವುದು ಅಗ್ಗವೋ ಅದು. ಇದು ನನಗೆ ಬೇಸರದ ಸಂಗತಿ. ಪ್ರಾಣಿಗೆ ತಾಗುವುದು ಗುಂಡು ತಾನೇ? 1940ರ ದಶಕದಲ್ಲಿ ಜಾನ್ ನೋಸ್ಲರ್ ಅನ್ನುವವರು ಕೆನಡಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಅವರ ವೇಗದ ಮ್ಯಾಗ್ನಮ್ ಗುಂಡುಗಳು ಮೂಸ್‌ನ ಭುಜದಲ್ಲೇ ಒಡೆದು ನಿಂತುಬಿಟ್ಟವು, ಒಳಗೆ ಇಳಿಯಲಿಲ್ಲ. ಅವರು ಮನೆಗೆ ಬಂದು ನಡುವೆ ಗೋಡೆಯಿರುವ ಗುಂಡು ಮಾಡಿದರು. ಮುಂಭಾಗ ಅರಳುತ್ತದೆ, ಹಿಂಭಾಗ ಗಟ್ಟಿಯಾಗಿ ಉಳಿದು ಆಳಕ್ಕೆ ಇಳಿಯುತ್ತದೆ. 1948ರಿಂದ ಮಾರಾಟಕ್ಕೆ ಬಂದ ಆ ಪಾರ್ಟಿಶನ್ ಗುಂಡು ಇಂದಿಗೂ ಸಿಗುತ್ತದೆ. ಅದನ್ನೋ, ಸೀಸವನ್ನು ತಾಮ್ರದ ಕವಚಕ್ಕೆ ಬೆಸೆದ ಬಾಂಡೆಡ್ ಗುಂಡನ್ನೋ, ಪೂರ್ತಿ ತಾಮ್ರದ್ದನ್ನೋ ತಗೊಳ್ಳಿ. ಗುರಿಪಂದ್ಯಕ್ಕೆ ಮಾಡಿದ ಮ್ಯಾಚ್ ಗುಂಡು ಎಲ್ಕ್‌ಗೆ ಖಂಡಿತ ಬೇಡ.

.30-06ಗೆ 150ರಿಂದ 220 ಗ್ರೇನ್‌ವರೆಗೆ ಗುಂಡು ಸಿಗುತ್ತದೆ. ಜಿಂಕೆಗೊಂದು, ಎಲ್ಕ್‌ಗೊಂದು ಇಡಿ ಅಂತ ಹಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಗುಂಡು ಬದಲಾದರೆ ತಾಗುವ ಜಾಗವೂ ಬದಲಾಗುತ್ತದೆ, ಮತ್ತೆ ಸ್ಕೋಪ್ ಹೊಂದಿಸಬೇಕು. ಹೊಸಬರು ಒಂದೇ ಗುಂಡಿನ ಗುಣ ಕಲಿಯುವುದು ಒಳ್ಳೆಯದು.

ಪ್ರಶ್ನೆ (ಅದೇ ಸದಸ್ಯರು):

ತುಂಬಾ ಥ್ಯಾಂಕ್ಸ್ ಸರ್. ನನ್ನ ಹೆಂಡತಿಗೂ ಕೋರ್ಸ್ ಮಾಡುವ ಆಸೆ. ಅವಳು ಐದು ಅಡಿ ಎತ್ತರ, ತೆಳ್ಳಗಿದ್ದಾಳೆ. ನನ್ನ ರೈಫಲ್ಲನ್ನೇ ಅವಳೂ ಬಳಸಬಹುದಾ?

ಉತ್ತರ:

ಬೇಡ. ಒದೆತಕ್ಕಿಂತ ಮೊದಲು ಅಳತೆಯೇ ಹೊಂದುವುದಿಲ್ಲ. ನಿಮಗೆ ಸರಿಯಾಗುವ ಹಿಡಿ (ಭುಜಕ್ಕೆ ಒರಗುವ ಹಿಂಭಾಗ) ಅವರಿಗೆ ಉದ್ದವಾಗುತ್ತದೆ, ಸ್ಕೋಪಿಗೆ ಕಣ್ಣು ಸರಿಯಾಗಿ ಕೂರುವುದಿಲ್ಲ. ಅವರಿಗೆ ಗಿಡ್ಡ ಹಿಡಿಯ ರೈಫಲ್ ನೋಡಿ, ತೋಟಾ 7 ಎಂಎಂ-08 ರೆಮಿಂಗ್ಟನ್ ಅಥವಾ ನಿಮ್ಮ ಗೆಳೆಯರು ಹೇಳಿದ 6.5 ಕ್ರೀಡ್‌ಮೋರ್. ಕ್ರೀಡ್‌ಮೋರ್ ಬಂದದ್ದು 2007ರಲ್ಲಿ. ಆದರೆ ಹೆಚ್ಚುಕಡಿಮೆ ಇಷ್ಟೇ ಶಕ್ತಿಯ 6.5×55 ತೋಟಾದಲ್ಲಿ ಸ್ವೀಡನ್ನಿನವರು ನೂರಕ್ಕೂ ಹೆಚ್ಚು ವರ್ಷದಿಂದ ಮೂಸ್ ಬೇಟೆ ಆಡುತ್ತಿದ್ದಾರೆ. ಎಲ್ಕ್‌ಗೂ ಸಾಲುತ್ತದೆ, ಆದರೆ ಗಟ್ಟಿ ಗುಂಡು ಇರಬೇಕು, 250 ಗಜದ ಒಳಗಿರಬೇಕು, ಪ್ರಾಣಿ ಅಡ್ಡಲಾಗಿ ನಿಂತಿರಬೇಕು. ಎದುರು ಮುಖವಾಗಿ ನಿಂತಿದ್ದರೆ ಕಾಯಬೇಕು. ಆ ತಾಳ್ಮೆ ನಿಮಗೂ ಬೇಕು, ಅಲ್ವಾ?

ಪ್ರಶ್ನೆ (ಸ್ಯಾಕ್ರಮೆಂಟೋದಿಂದ ಇನ್ನೊಬ್ಬರು):

ನಮ್ಮಲ್ಲಿ ಸೀಸದ ಗುಂಡು ನಿಷೇಧ. 165 ಗ್ರೇನ್ ಸಲಹೆ ನಮಗೂ ಹೊಂದುತ್ತಾ?

ಉತ್ತರ:

ಪೂರ್ತಿ ಹೊಂದುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡೇ ಬೇಕು. ಬೇಟೆಯ ಅವಶೇಷದಲ್ಲಿ ಉಳಿದ ಸೀಸ ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. ನಿಯಮ ಸರಿಯಾಗಿಯೇ ಇದೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅದು ಅರಳಲು ವೇಗವೂ ಬೇಕು. ಆದ್ದರಿಂದ ನೀವು 150 ಗ್ರೇನ್‌ಗೆ ಇಳಿಯಿರಿ. ತಾಮ್ರದ ಗುಂಡು ತೂಕ ಕಳೆದುಕೊಳ್ಳುವುದು ಬಹಳ ಕಡಿಮೆ, ಒಳಗೆ ಚೆನ್ನಾಗಿ ಇಳಿಯುತ್ತದೆ. ಮಾಂಸದಲ್ಲಿ ಸೀಸದ ಚೂರು ಇರಬಾರದು ಅನ್ನುವ ಬೇರೆ ರಾಜ್ಯದವರೂ ಇದನ್ನೇ ಬಳಸಬಹುದು.

ಪ್ರಶ್ನೆ (ಡಲ್ಲಾಸ್‌ನಿಂದ):

ಸರ್, ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ನಾನೂ ರೈಫಲ್ ಕೊಳ್ಳಬಹುದಾ?

ಉತ್ತರ:

ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಂದರೆಯಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದ ದಿನ ರೈಫಲ್ ಮನೆಯಲ್ಲಿದ್ದರೆ ವೀಸಾಕ್ಕೇ ಕುತ್ತು. ದುಡ್ಡು ಕೊಡುವ ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ, ಗೆಳೆಯರ ಮಾತು ನಂಬಿ ಹೋಗಬೇಡಿ.

ಪ್ರಶ್ನೆ (ಡೆನ್ವರ್ ಸದಸ್ಯರು):

ಕೊನೆಯದಾಗಿ ಸರ್, ತೋಟಾ ಎಷ್ಟು ಕೊಳ್ಳಲಿ? ಎಷ್ಟು ದೂರದವರೆಗೆ ಹೊಡೆಯಬಹುದು?

ಉತ್ತರ:

ಮೊದಲು ಎರಡು ಮೂರು ಕಂಪನಿಯ ಒಂದೊಂದು ಬಾಕ್ಸ್ ತನ್ನಿ, ಬಾಕ್ಸಿಗೆ 20 ಇರುತ್ತದೆ. ನಿಮ್ಮ ನಳಿಗೆಗೆ ಯಾವುದು ಹೊಂದುತ್ತದೆ ನೋಡಿ. ಹೊಂದಿದ್ದನ್ನು ಒಂದೇ ಲಾಟ್ ನಂಬರಿನ (ಒಂದೇ ಸಲ ತಯಾರಾದ) ನಾಲ್ಕೈದು ಬಾಕ್ಸ್ ಒಟ್ಟಿಗೆ ಕೊಂಡಿಡಿ. 2020ರ ಕೊರತೆಯಲ್ಲಿ ಅಂಗಡಿಯ ಕಪಾಟುಗಳು ಖಾಲಿಯಾದದ್ದು ಇಲ್ಲಿರುವ ಬೇಟೆಗಾರರಿಗೆ ನೆನಪಿರುತ್ತದೆ.

ದೂರಕ್ಕೆ ಅಳತೆ ಹೀಗೆ: ಎಂಟು ಇಂಚಿನ ಪೇಪರ್ ಪ್ಲೇಟ್ ನಿಲ್ಲಿಸಿ. ಬೆಂಚ್ ಬಿಡಿ. ಮಂಡಿಯೂರಿ, ಕೂತು, ಗುಡ್ಡ ಹತ್ತಿ ಏದುಸಿರು ಬರುವಾಗ ಹೊಡೆದು ನೋಡಿ. ಐದಕ್ಕೆ ಐದೂ ಪ್ಲೇಟಿಗೆ ಬೀಳುವ ದೂರವೇ ಈ ವರ್ಷದ ನಿಮ್ಮ ಮಿತಿ. ಅದು 150 ಗಜವಾದರೆ 150ಕ್ಕೇ ನಿಲ್ಲಿ, ಪ್ರಾಣಿ 200ರಲ್ಲಿದ್ದರೆ ಹತ್ತಿರ ಹೋಗಿ. ಕಿತ್ತಳೆ ಅಥವಾ ಗುಲಾಬಿ ಬಣ್ಣದ ಜಾಕೆಟ್, ಟೋಪಿ ಮರೆಯಬೇಡಿ. ನಿಮ್ಮ ರಾಜ್ಯದಲ್ಲಿ ರೈಫಲ್ ಬೇಟೆಗೆ ಅದು ಕಡ್ಡಾಯ.